ಮಾಯಿಗನ ಕೈಗೆ ಬಂದ ವೇಷದ ಪೆಟ್ಟಿಗೆ

ನಗೋದಾದ್ರೆ ಆಮೇಲೆ ನಗಿ, ಮೊದಲು ಕೇಳಿ. ನಮ್ಮ ಕಡೆ ಒಂದೂರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಮಾಯಿಗ. ಅವನಿಗೆ ಮೀಸೆ ಬಂದು ಹತ್ತು ವರ್ಷ ಆಗಿತ್ತು, ಬುದ್ಧಿ ಮಾತ್ರ ಇನ್ನೂ ದಾರೀಲಿತ್ತು. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ನೋಡಿ ತಾಪತ್ರಯ!

ಆ ಊರಿನ ನಾಟಕದ ವೇಷಗಳೆಲ್ಲ ಇದ್ದದ್ದು ಚಿಕ್ಕತಾಯಮ್ಮನ ಮನೇಲಿ, ಮೂರು ತಗಡಿನ ಪೆಟ್ಟಿಗೇಲಿ. ಗಂಡ ಇದ್ದಾಗ ಅವನು ನೋಡ್ಕೋತಿದ್ದ, ಅವನು ಹೋದಮೇಲೆ ಇವಳು. ಒಗೆಯೋದು, ಹೊಲಿಯೋದು, ಮಡಿಸಿಡೋದು. ಆ ಪೆಟ್ಟಿಗೆ ಅಂದ್ರೆ ಅವಳಿಗೆ ಪ್ರಾಣ. ಈ ವರ್ಷ ಮಂಡಿನೋವು ಹಿಡಿದು ಕೂತುಬಿಟ್ಟಳು.

ನಾಟಕದ ಯಜಮಾನರು ಮರಿದೇವೇಗೌಡ್ರು. ದುರ್ಯೋಧನನ ಪಾರ್ಟು ಅವರದೇ. ಬಂದು ಖಡಾಖಂಡಿತ ಹೇಳಿದ್ರು: "ನೋಡು ತಾಯಮ್ಮ, ಈ ಸಲ ವೇಷದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮೂರೂ ಪೆಟ್ಟಿಗೇನ ಮೇಲಿನ ಬೀದಿ ಪುಟ್ಟಮಾದನ ಮನೆಗೆ ಹೊರಿಸ್ತೀನಿ."

"ಹಂಗನ್ಬೇಡಿ ಗೌಡ್ರೆ! ನಮ್ಮೆಜಮಾನ್ರ ನೆನಪು ಅಂತ ಉಳಿದಿರೋದು ಅದೊಂದೇ. ನನ್ನ ಮಗ ನೋಡ್ಕೋತಾನೆ!" ಅಂದಳು. ಅಂದಮೇಲೆ, ತಾನು ಅಂದ ಮಾತಿಗೆ ತಾನೇ ಹೆದರಿದಳು.

ಮೊದಲನೇ ದಿನ ಭೀಮನ ಅಂಗಿ ಕೂತಲ್ಲೇ ಒಗೆದು ಹಿಂಡಿ ಮಗನ ಕೈಗೆ ಕೊಟ್ಟಳು. "ಮಡಿಸಿ, ಬೇವಿನ ಸೊಪ್ಪು ಹಾಕಿ, ಪೆಟ್ಟಿಗೇಲಿಡ್ಲಾ." ಮಾಯಿಗ ಮಡಿಸಿದ, ಸೊಪ್ಪು ಹಾಕಿದ, ಪೆಟ್ಟಿಗೇಲಿಟ್ಟ. ನಾಕು ದಿನ ಬಿಟ್ಟು ಮುಚ್ಚಳ ತೆಗೆದ್ರೆ ಗಮ್ಮಂತ ಮುಗ್ಗಲು ವಾಸನೆ!

"ಅಯ್ಯೋ ನಿನ್ನ ಬುದ್ಧಿಗಿಷ್ಟು! ಒದ್ದೆ ಬಟ್ಟೆ ಇಡ್ತಾರೇನ್ಲಾ? ಪೆಟ್ಟಿಗೇಲಿಡೋ ಮುಂಚೆ ಏನೇ ಇರಲಿ, ಚೆನ್ನಾಗಿ ಬಿಸಿಲಿಗಿಡಬೇಕು!"

"ಆಯ್ತು ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ವಾರ ಪೇಟೆಯಿಂದ ಮುಖಕ್ಕೆ ಹಚ್ಚೋ ಬಣ್ಣ ಬಂತು. ಎಣ್ಣೇಲಿ ಕಲಸಿದ ಗಟ್ಟಿ ಬಣ್ಣ, ಕೆಂಪು, ಹಳದಿ, ನೀಲಿ. ಮಾಯಿಗ ಅವ್ವನ ಮಾತು ಮರೀತಾನಾ? ಅಂಗಳದಲ್ಲಿ ಚಾಪೆ ಹಾಸಿ, ಬಣ್ಣದುಂಡೆ ಸಾಲಾಗಿಟ್ಟು, ಉರಿಬಿಸಿಲಿಗೆ ಬಿಟ್ಟ. ಕರಗಿತು, ಹರೀತು, ಚಾಪೆ ದಾಟಿ ಅಂಗಳಕ್ಕಿಳೀತು. ಕೋಳಿಗಳು ಅದರಲ್ಲೇ ಹೊರಳಾಡಿದವು. ಮನೆ ಹುಂಜ ಕೃಷ್ಣನ ಹಾಗೆ ನೀಲಿಯಾಗಿ ಬಂದು ಬಾಗಿಲಲ್ಲಿ ನಿಂತಾಗ ಚಿಕ್ಕತಾಯಮ್ಮ ಹಣೆ ಚಚ್ಕೊಂಡಳು.

"ಕರಗೋ ಬಣ್ಣಾನ ಬಿಸಿಲಿಗಿಡ್ತಾರೇನ್ಲಾ? ತಣ್ಣಗೆ ನೀರಿನ ಹಂಡೇಲಿಡಬೇಕು!"

"ಆಯ್ತು ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾಡಿದ! ದುರ್ಯೋಧನನ ಕಿರೀಟ ಅಂದ್ರೆ ರಟ್ಟು, ಅದರ ಮೇಲೆ ಹೊಳೆಯೋ ಕಾಗದ, ಅಷ್ಟೇ. ಅದನ್ನ ಎತ್ತಿ ಹಂಡೇಲಿ ಮುಳುಗಿಸಿ ಮೇಲೆ ತಟ್ಟೆ ಮುಚ್ಚಿದ. ಬೆಳಗ್ಗೆ ಸ್ನಾನಕ್ಕೆ ಚೊಂಬು ಅದ್ದಿದ್ರೆ ಕಿರೀಟ ಎಲ್ಲಿದೆ? ಬರೀ ರಟ್ಟಿನ ಅಂಬಲಿ!

"ಅಯ್ಯೋ, ಎದೆ ಒಡೆದೋಯ್ತಲ್ಲೋ! ಕಿರೀಟಾನ ಗೂಟಕ್ಕೆ ನೇತುಹಾಕಬೇಕಿತ್ತು, ಎತ್ತರದಲ್ಲಿ!" ಅಂತ ಅಳ್ತಾ ಅಳ್ತಾ ಹಳೇ ಲಗ್ನಪತ್ರಿಕೆ ಕತ್ತರಿಸಿ, ಹುಣಸೆಬೀಜದ ಅಂಟು ಹಾಕಿ, ಹೊಸ ಕಿರೀಟ ಮಾಡಿದಳು. ಮಾಯಿಗ ಪಕ್ಕದಲ್ಲಿ ಕೂತು ಅಂಟು ಕಲಸಿಕೊಟ್ಟ. ಅವ್ವನ ಕಣ್ಣೊರೆಸೋಕೆ ಹೋಗಿ ಕೆನ್ನೆಗೆಲ್ಲ ಅಂಟು ಬಳಿದ. ಅವಳಿಗೆ ಅಳು ನಿಂತು ನಗು ಬಂತು.

ಇನ್ನು ಉಳಿದದ್ದು ಭೀಮನ ಗದೆ, ಮರದ್ದು. ಮಾಯಿಗ ಎತ್ತರ ಹುಡುಕಿದ. ಮನೇಲಿ ಎತ್ತರದ ಗೂಟ ಅಂದ್ರೆ ತಲೆಬಾಗಿಲ ಮೇಲಿಂದು. ಅಲ್ಲಿಗೆ ಬಾಳೆನಾರಲ್ಲಿ ಕಟ್ಟಿದ. ವೇಷ ನೋಡೋಣ ಅಂತ ಗೌಡ್ರು ಒಳಗೆ ಕಾಲಿಟ್ರು, ನಾರು ಕಿತ್ತೋಯ್ತು, ದಢಾರ್!

"ನಾಟಕಕ್ಕೆ ಮುಂಚೆಯೇ ನನ್ನ ಕೊಲ್ತೀಯೇನ್ಲಾ!" ಗೌಡ್ರು ಬುರುಡೆ ಉಜ್ಕೊಂಡು ಕೂಗಾಡಿದ್ರು. "ಭಾನುವಾರ ಹಗಲು ನಾಟಕ. ಇನ್ನೊಂದು ಎಡವಟ್ಟಾಗಲಿ, ಪೆಟ್ಟಿಗೆ ಇಲ್ಲಿರಲ್ಲ!"

ಚಿಕ್ಕತಾಯಮ್ಮ ಮಗನ್ನ ಎದುರಿಗೆ ಕೂರಿಸ್ಕೊಂಡಳು. "ಮಗಾ, ಕೈ ಮುಗೀತೀನಿ ಕೇಳು. ಈ ಪಾರ್ಟುಗಾರರು ನಾಟಕದಲ್ಲಿ ಸತ್ತಮೇಲೆ ವೇಷದಲ್ಲೇ ಕೂತು ಬೀಡಿ ಸೇದಿ ಅಂಗಿ ತೂತು ಮಾಡ್ತಾರೆ. ಅದಕ್ಕೆ, ಯಾರು ಸತ್ತರೋ ಅವರ ವೇಷ ಆಗಿಂದಾಗಲೇ ಬಿಚ್ಚಿಸು. ಬೆವರು ಆರೋದ್ರೊಳಗೆ ಗಾಳಿಗೆ ಹಾಕು. ಯಾರು ಬೇಡ ಅಂದ್ರೂ ಬಿಡಬೇಡ!"

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ಭಾನುವಾರ ಊರಿಗೆ ಊರೇ ಸೇರಿತು. ಹಾರ್ಮೋನಿಯಂ ಶುರುವಾಯ್ತು. ಭೀಷ್ಮ ಬಾಣದ ಮಂಚದ ಮೇಲೆ ಮಲಗಿದ. ಮಾಯಿಗ ರಂಗದ ಮೇಲೇ ಬಂದು ಬಗ್ಗಿ ಕೇಳಿದ, "ತಾತ, ಸತ್ತ್ರಾ?"

"ಇಲ್ಲ ಕಣ್ಲಾ, ಉತ್ತರಾಯಣ ಬರಬೇಕು!"

"ಹಂಗಾದ್ರೆ ಆಮೇಲೆ ಬರ್ತೀನಿ."

ಆಮೇಲೆ ದುಶ್ಶಾಸನ ಬಿದ್ದ. ಅವನು ಸತ್ತದ್ದು ಖಾತ್ರಿ, ಭೀಮನೇ ಹೇಳಿದ. ಸರಿ, ಮಾಯಿಗ ಬಂದ, ಅಂಗಿ ಎಳೆದ, ಕಚ್ಚೆ ಬಿಚ್ಚಿದ, ನೀಟಾಗಿ ಮಡಿಸಿ ಹೆಗಲಿಗೆ ಹಾಕ್ಕೊಂಡ. ದುಶ್ಶಾಸನ ಪಟ್ಟೆಪಟ್ಟೆ ಚಡ್ಡೀಲಿ ಎದ್ದು ಓಡಿದ! ಜನ ಬಿದ್ದುಬಿದ್ದು ನಕ್ಕರು. ದುರ್ಯೋಧನನ ವೇಷದಲ್ಲಿದ್ದ ಗೌಡ್ರು ಅಲ್ಲಿಂದಲೇ ಗುಡುಗಿದ್ರು: "ಮುಗೀತು ತಾಯಮ್ಮ! ನಾಳೆ ಪೆಟ್ಟಿಗೆ ಮೇಲಿನ ಬೀದಿಗೆ!" ಜನದ ಮಧ್ಯೆ ಕೂತಿದ್ದ ಚಿಕ್ಕತಾಯಮ್ಮ ಸೆರಗಲ್ಲಿ ಮುಖ ಮುಚ್ಕೊಂಡಳು.

ಕೊನೆಗೆ ಗದಾಯುದ್ಧ ಬಂತು. ಭೀಮ ತೊಡೆಗೆ ಹೊಡೆದ. ಗೌಡ್ರು ಬೀಳೋಕೆ ಬಗ್ಗಿದ್ರು, ಪಕ್ಕಕ್ಕೆ ನೋಡಿದ್ರು. ಮಾಯಿಗ ತೋಳೇರಿಸ್ಕೊಂಡು ರೆಡಿಯಾಗಿ ನಿಂತಿದ್ದಾನೆ! ಗೌಡ್ರ ವೇಷದೊಳಗೆ ಏನಿತ್ತೋ ಏನಿರಲಿಲ್ಲವೋ, ಅದು ಅವರಿಗೇ ಗೊತ್ತು. ಸೆಟೆದು ನಿಂತುಬಿಟ್ರು.

ಭೀಮ ಇನ್ನೊಂದು ಹೊಡೆದ. ಬೀಳಲಿಲ್ಲ. ಮತ್ತೊಂದು ಹೊಡೆದ. ಬೀಳಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ಸಾಯೋ ರಾಗ ಮೂರು ಸಲ ನುಡಿಸಿದ್ರು.

"ಬೀಳಿ ಗೌಡ್ರೆ, ಕೈ ಸೋತೋಯ್ತು!" ಅಂದ ಭೀಮ.

"ಇವನು ಹೋಗೋವರೆಗೂ ನಾನು ಸಾಯಲ್ಲ! ತಾಯಮ್ಮ, ಕರ್ಕೊಳ್ಳೇ ನಿನ್ನ ಮಗನ್ನ!"

ಚಿಕ್ಕತಾಯಮ್ಮ ಮಂಡಿ ಹಿಡ್ಕೊಂಡು ಮೆಲ್ಲಗೆ ಎದ್ದಳು. "ಕರ್ಕೋತೀನಿ ಗೌಡ್ರೆ. ಪೆಟ್ಟಿಗೆ ಯಾರ ಮನೇಲಿರುತ್ತೆ, ಮೊದಲು ಅದು ಹೇಳಿ."

"ನಿನ್ನ ಮನೇಲೇ!"

"ಯಾವತ್ತಿನ ತನಕ?"

"ನೀನಿರೋ ತನಕ, ನಿನ್ನ ಮಗ ಇರೋ ತನಕ! ಊರೇ ಸಾಕ್ಷಿ! ನನ್ನ ನೆಮ್ಮದಿಯಾಗಿ ಸಾಯೋಕೆ ಬಿಡೇ!"

ಊರೆಲ್ಲ ಹೋ ಅಂತ ಚಪ್ಪಾಳೆ ಹೊಡೀತು. ಚಿಕ್ಕತಾಯಮ್ಮ ಖುಷಿಯಲ್ಲಿ ಮಂಡಿನೋವು ಮರೆತು ರಂಗ ಹತ್ತಿ ಮಗನ ಕೈ ಹಿಡಿದಳು. ಗೌಡ್ರು ಉಸ್ಸಪ್ಪಾ ಅಂತ ಉಸಿರುಬಿಟ್ಟು, ಧೊಪ್ಪಂತ ಬಿದ್ದು, ಕಣ್ಣು ಮುಚ್ಚಿದ್ರು.

"ಅವ್ವಾ ಬಿಡು, ಸತ್ತ್ರು!"

ಕೈ ಕೊಸರ್ಕೊಂಡು ಒಂದೇ ನೆಗೆತ! ಸತ್ತ ದುರ್ಯೋಧನ ದಡಕ್ಕಂತ ಎದ್ದ, ಕಚ್ಚೆ ಬಿಗಿಹಿಡ್ಕೊಂಡು ರಂಗದಿಂದ ಧುಮುಕಿದ, ಜನದ ಮಧ್ಯೆ ನುಗ್ಗಿ ಕಬ್ಬಿನ ಗದ್ದೆ ಕಡೆ ಓಡಿದ. ಹಿಂದೆ ಮಾಯಿಗ. ಅವನ ಹಿಂದೆ ಚಿಕ್ಕತಾಯಮ್ಮ. ಗದ್ದೆ ಬದುವಿನ ತನಕ ಮಾಯಿಗನ ಕೂಗು ಕೇಳಿಸ್ತಿತ್ತಂತೆ:

"ನಿಂತ್ಕಳಿ ಗೌಡ್ರೆ! ಓಡಬೇಡಿ, ನೀವು ಸತ್ತೋಗಿದ್ದೀರಿ!"