ಓಬಯ್ಯ ಲಾರಿಯ ಗಾಳಿ ಲೆಕ್ಕ ಬರೆದದ್ದು

ಕೇಳ್ರಪ್ಪ. ನಗೋದಿದ್ರೆ ಆಮೇಲೆ ನಗಿ, ಮೊದಲು ಆ ತಾಯಿ ಸಂಕಟ ಕೇಳಿ.

ಹಿರಿಯೂರು ಕಡೆ ಮಾರಕ್ಕ ಅಂತ ಒಬ್ಬಳಿದ್ದಳು. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಎರಡೇ. ಒಂದು ಹಳೇ ಪೆಟ್ರೋಲ್ ಲಾರಿ, ಒಬ್ಬ ಮಗ ಓಬಯ್ಯ. ಮದುವೆ ಮನೆಗೆ, ತಿಥಿ ಮನೆಗೆ ಶಾಮಿಯಾನ, ಕೊಪ್ಪರಿಗೆ ಹೇರಿಕೊಂಡು ಲಾರಿ ಓಡಿಸೋಳು ಅವಳೇ. ಮಗನಿಗೆ ಮೂವತ್ತೆರಡು ವರ್ಷ. ಸುಳ್ಳು ಗೊತ್ತಿಲ್ಲ, ಸಿಟ್ಟು ಗೊತ್ತಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಕಷ್ಟ.

ಮಾರಕ್ಕನ ಮೊಣಕಾಲು ಸೋತು ಬರುತ್ತಿತ್ತು. ಲಾರಿಯೂ ಸೋತು ಬರುತ್ತಿತ್ತು. ಊರಾಚೆ ಗುಡ್ಡದ ಏರಿನಲ್ಲಿ ಕೆಮ್ಮುತ್ತಿತ್ತು, ಕಾದು ಕೆಂಡವಾಗುತ್ತಿತ್ತು.

ಮೆಕ್ಯಾನಿಕ್ ದಾದಾಪೀರ್ ನೋಡಿದ. "ಅಕ್ಕ, ಇದು ಗಾಳಿ ಪೆಟ್ರೋಲಿನ ಜಗಳ. ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅಂತ ತಿಳೀಬೇಕು. ಏರಿನಲ್ಲಿ ಹದಿಮೂರರ ಒಳಗಿರಬೇಕು. ಹದಿನಾರಕ್ಕೆ ಹೋದ್ರೆ ಪಿಸ್ಟನ್ ಕರಗುತ್ತೆ. ಆಮೇಲೆ ಲಾರಿ ಗುಜರಿಗೇ."

ಸೈಲೆನ್ಸರ್ ಪೈಪಿಗೆ ಸೆನ್ಸರ್ ಹಾಕಿದ. ಕ್ಯಾಬಿನ್ನಿನ ಎಡಗಡೆ ಆ ಗಾಳಿ ಪಾಲಿನ ಅಂಕಿ ತೋರಿಸೋ ಮೀಟರ್ ಕೂರಿಸಿದ. ಹತ್ತಿರದ ಅಂಕಿ ದಾದಾಪೀರನ ಕಣ್ಣಿಗೆ ಕಾಣದು. ಮಾರಕ್ಕನ ಕಣ್ಣು ರಸ್ತೆ ಬಿಡೋ ಹಾಗಿಲ್ಲ.

"ಪೀರಣ್ಣ, ಇವನಿಗೇ ಕಲಿಸು. ನನ್ನ ಕಾಲು ನಿಂತ ಮೇಲೆ ಇವನಿಗೂ ಒಂದು ಕೆಲಸ ಬೇಕಲ್ಲ," ಅಂದಳು ಮಾರಕ್ಕ.

ತಾಯಿ ಜೊತೆ ಲಾರಿ ಹತ್ತಿದ ಓಬಯ್ಯನ ಕೈಗೆ ದಾದಾಪೀರ್ ನೋಟ್‌ಬುಕ್ ಕೊಟ್ಟ. "ಮೀಟರ್ ಮೇಲಿಂದ ಕಣ್ಣು ತೆಗೀಬೇಡ!"

"ಆಯ್ತು ಮಾವ!"

ಹೋದರು, ಬಂದರು. ನೋಟ್‌ಬುಕ್ ಖಾಲಿ! ಓಬಯ್ಯನ ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು.

"ಬರೀಲಿಲ್ವೇನೋ?"

"ಬರೆಯೋಕೆ ನೋಟ್‌ಬುಕ್ ನೋಡಬೇಕಲ್ಲ ಮಾವ. ಕಣ್ಣು ತೆಗೀಬೇಡ ಅಂದ್ರಿ."

"ಅಯ್ಯೋ ಪೆದ್ದೇ! ಕಂಡದ್ದನ್ನೆಲ್ಲ ಬರಿಯೋ!"

"ಆಯ್ತು ಮಾವ!"

ಹೋದರು, ಬಂದರು. ಈ ಸಲ ಪುಟ ತುಂಬಿತ್ತು. ಎಮ್ಮೆ ನಾಲ್ಕು. ಪಂಕ್ಚರ್ ಅಂಗಡಿ. ಹುಣಸೆಮರ. ಅಮ್ಮ ಸೆರಗಲ್ಲಿ ಬೆವರು ಒರೆಸಿಕೊಂಡಳು.

"ಅಂಕಿ ಎಲ್ಲೋ? ಅಂಕಿ ಮಾತ್ರ ಬರಿ!"

"ಆಯ್ತು ಮಾವ!"

ಹೋದರು, ಬಂದರು. ಪುಟದ ತುಂಬ ಅಂಕಿ! ಎದುರು ಬಂದ ಲಾರಿಗಳ ನಂಬರು, ಮೈಲಿಕಲ್ಲಿನ ನಂಬರು, ಗೋಡೆ ಮೇಲಿನ ಫೋನ್ ನಂಬರು.

"ಮೀಟರಿನ ಅಂಕಿ ಕಣೋ! ಎಲ್ಲಿ, ಯಾವ ಗೇರಲ್ಲಿ, ಎಷ್ಟು ಅಂತ! ಹದಿಮೂರು ದಾಟಿದ್ರೆ ತಕ್ಷಣ ಆಕ್ಸಿಲರೇಟರ್ ಬಿಡಬೇಕು. ಕಾಲೆತ್ತಬೇಕು, ತಿಳೀತಾ?"

"ತಿಳೀತು ಮಾವ!"

ಈ ಸಲ ಚೆನ್ನಾಗಿ ಬರೆದ. ಏರು ಹತ್ತಿದರು. ಹದಿಮೂರು ದಾಟಿತು. ಓಬಯ್ಯ ತನ್ನ ಎರಡೂ ಕಾಲೆತ್ತಿ ಡ್ಯಾಶ್‌ಬೋರ್ಡ್ ಮೇಲಿಟ್ಟು ಕೂತ! ಮಾರಕ್ಕನಿಗೇನು ಗೊತ್ತು? ತುಳಿಯುತ್ತಲೇ ಇದ್ದಳು. ಎಂಜಿನ್ ಟಕಟಕ ಬಡಿದುಕೊಂಡು ನಿಂತುಹೋಯಿತು.

ಅವಳು ಬೈಯಲಿಲ್ಲ. ಸ್ಟೇರಿಂಗ್ ಮೇಲೆ ಹಣೆಯಿಟ್ಟು ಅತ್ತಳು. "ನಾನು ಹೋದ ಮೇಲೆ ನಿನಗ್ಯಾರೋ ಮಗನೇ?"

ಓಬಯ್ಯ ಮೆಲ್ಲಗೆ ಕಾಲಿಳಿಸಿದ.

ಲಾರಿಯನ್ನು ಎಳೆಸಿ ತಂದರು. ದಾದಾಪೀರ್ ಬಿಚ್ಚಿ ನೋಡಿದ. ಪಿಸ್ಟನ್ ಅಂಚು ಸುಟ್ಟಿತ್ತು, ಕರಗಿರಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ಮುಗೀತು. ಓಬಯ್ಯ, ಕಾಲೂ ಎತ್ತಬೇಡ, ಕೈಯೂ ಎತ್ತಬೇಡ. ಹದಿಮೂರು ದಾಟಿದ್ರೆ ಅಮ್ಮನಿಗೆ ಹೇಳು. ಅಷ್ಟೇ!"

"ಅಷ್ಟೇ ಮಾವ!"

ಗಾಳಿ ಪೆಟ್ರೋಲ್ ಬೆರೆಸೋ ಕಾರ್ಬುರೇಟರ್ ಸರಿಮಾಡಿ ಲಾರಿ ಎಬ್ಬಿಸುವ ಹೊತ್ತಿಗೆ ಮಾರಕ್ಕ ಮೊಣಕಾಲು ಊದಿ ಏಳಲಾರದಾದಳು. ದಾದಾಪೀರನೇ ಓಡಿಸಿಕೊಂಡು ಹೋದ. ಪಕ್ಕದಲ್ಲಿ ಓಬಯ್ಯ. ಪರೀಕ್ಷೆಗೆ ಅಂತ ಕಲ್ಲು ಹೇರಿದ ಲಾರಿ ಮೊದಲನೇ ಗೇರಲ್ಲಿ, ಮನುಷ್ಯ ನಡೆದಷ್ಟೇ ಮೆಲ್ಲಗೆ ಏರುತ್ತಿತ್ತು.

ತಿರುವಿನಲ್ಲಿ ಬಾಗಿಲು ಪಟಪಟ ಬಡಿಯಿತು. ದಾದಾಪೀರ್ ತಿರುಗಿದ. ಸೀಟು ಖಾಲಿ!

"ಯಾ ಅಲ್ಲಾ!" ಅಂತ ಬ್ರೇಕ್ ಒತ್ತಿ ಎಂಜಿನ್ ಆರಿಸಿದ. ಇಳಿದು ಗಾಲಿಯಡಿ ಬಗ್ಗಿ ನೋಡಿದ. ಚರಂಡಿ ನೋಡಿದ, ಪೊದೆ ನೋಡಿದ. "ಓಬಯ್ಯಾ! ಓಬಯ್ಯಾ!" ಆ ತಾಯಿಗೆ ಏನಂತ ಹೇಳಲಿ ಅಂತ ಎರಡು ಮೈಲಿ ಓಡುತ್ತಾ ಊರಿಗೆ ಬಂದ.

ನೋಡಿದರೆ ಓಬಯ್ಯ ತಾಯಿಯ ಮಂಚದ ಪಕ್ಕ ಏದುಸಿರು ಬಿಡುತ್ತಾ ನಿಂತಿದ್ದಾನೆ!

"ಅಮ್ಮಾ, ಮೂರನೇ ತಿರುವು, ಮೊದಲನೇ ಗೇರು, ಹದಿನೈದೂವರೆ!"

ಮಾರಕ್ಕ ಮಗನ ಬೆವರು ನೋಡಿದಳು, ತರಚಿದ ಮಂಡಿ ನೋಡಿದಳು. ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

ದಾದಾಪೀರ್ ಹೊಸ್ತಿಲಲ್ಲೇ ಕುಸಿದ. ಓಬಯ್ಯನಿಂದ ನೋಟ್‌ಬುಕ್ ಇಸಕೊಂಡು ಮಾರಕ್ಕನ ಕೈಲಿ ಓದಿಸಿದ. ತಿರುವು ತಿರುವಿಗೂ ಸರಿಯಾಗಿ ಬರೆದಿದ್ದ. ಕಾರ್ಬುರೇಟರಿಗೆ ಪೆಟ್ರೋಲ್ ಬಿಡೋ ತೂತಿನ ಜೆಟ್ ಎಷ್ಟು ದೊಡ್ಡದು ಹಾಕಬೇಕು ಅಂತ ಅದರಲ್ಲೇ ತಿಳಿಯಿತು. ನಿಲ್ಲಿಸಿದ್ದರಿಂದ ಎಂಜಿನ್ನೂ ಉಳಿದಿತ್ತು.

ದಾದಾಪೀರ್ ಕಣ್ಣೊರೆಸಿಕೊಂಡು ಕೇಳಿದ: "ಅಲ್ಲ ಕಣೋ, ಓಡಿಸ್ತಾ ಇದ್ದೋನು ನಾನು. ನನಗೇ ಹೇಳಬಾರದಿತ್ತೇನೋ?"

ಓಬಯ್ಯ ಗಾಬರಿಯಿಂದ ತಾಯಿಯ ಮುಖ ನೋಡಿದ, ದಾದಾಪೀರನ ಮುಖ ನೋಡಿದ.

"ಹೇಳೋಣ ಅಂತಲೇ ತಿರುಗಿದೆ ಮಾವ. ನೀವು ಅಮ್ಮ ಆಗಿರಲಿಲ್ಲ."