ಎಲೆಯ ಮೇಲೆ ಅಡ್ಡ ಹಿಡಿದ ಕೈ

ಮಲಪ್ರಭೆಯ ದಂಡೆಯ ಮಠದಲ್ಲಿ, ಕಷ್ಟ ಹೇಳಿಕೊಳ್ಳಲು ಬಂದವರನ್ನು ಮೊದಲು ಮಾತಾಡಿಸುತ್ತಿದ್ದವನು ಶಿಷ್ಯ ಮಡಿವಾಳಯ್ಯ. ಓದಿದವನು, ಒಳ್ಳೆಯವನು. ಆದರೆ ಕೇಳುವುದಕ್ಕಿಂತ ಹೇಳುವುದರಲ್ಲೇ ಚುರುಕು.

ಅಂದು ಬೆಳಿಗ್ಗೆ ಕಲ್ಲವ್ವ ಬಂದಳು. ತನಗೆ ಇಷ್ಟವಿಲ್ಲದಿದ್ದರೂ ಗಂಡ ಮೈಮೇಲೆ ಬೀಳುತ್ತಾನೆ, ಬೇಡವೆಂದರೆ ಹೊಡೆಯುತ್ತಾನೆ ಎಂದು ತಲೆ ತಗ್ಗಿಸಿ ಹೇಳಿದಳು. ಅವನನ್ನು ಜೈಲಿಗೆ ಕಳಿಸುವ ಆಸೆ ಅವಳಿಗಿರಲಿಲ್ಲ. ತನ್ನ ಮನೆಯಲ್ಲಿ ಅಂಜದೆ ಮಲಗಬೇಕು, ಅಷ್ಟೇ.

ತಾಳಿ ಕಟ್ಟಿಸಿಕೊಂಡ ಮೇಲೆ ಬೇಡ ಅನ್ನುವ ಮಾತೆಲ್ಲಿಂದ ಬಂತು, ತಾಳಿದವರು ಬಾಳಿಯಾರು ಎಂದು ಮಡಿವಾಳಯ್ಯ ಬುದ್ಧಿ ಹೇಳಿದ. ಊಟದ ಹೊತ್ತು ಮುಗಿದ ಮೇಲೆ ಬಂದು ಕರೆದೊಯ್ಯುವಂತೆ ಗಂಡನಿಗೂ ಹೇಳಿಕಳಿಸಿದ.

ಗುರುಗಳು ಪಕ್ಕದ ಕಟ್ಟೆಯ ಮೇಲೇ ಕೂತಿದ್ದರು. ಎಲ್ಲರ ಬಾಯಲ್ಲೂ ಅವರು ಅಜ್ಜಾರು. ಈ ಮಾತೆಲ್ಲ ಅವರ ಕಿವಿಗೂ ಬಿತ್ತು.

ಮಧ್ಯಾಹ್ನ ಪಂಕ್ತಿಯಲ್ಲಿ ಅಜ್ಜಾರೇ ಬಡಿಸಲು ನಿಂತರು. ಮಡಿವಾಳಯ್ಯನ ಎಲೆಗೆ ಹುಗ್ಗಿ ಹಾಕಿದರು. ಮತ್ತೆ ಹಾಕಿದರು. ಹೊಟ್ಟೆ ಬಿರಿಯುವಂತಾಗಿ ಅವನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ. ಕೈ ಅಡ್ಡ ಬಂದ ಎಲೆಗೆ ಆ ಮಠದಲ್ಲಿ ಯಾರೂ ಬಡಿಸುವುದಿಲ್ಲ.

ಅಜ್ಜಾರು ಕೈಯ ಮೇಲೇ ಸುರಿದರು.

"ಬ್ಯಾಡ ಅಂದ್ನಲ್ರಿ ಅಜ್ಜಾರ."

"ಪಂಕ್ತಿಗೆ ಕುಂತ ಮ್ಯಾಲೆ ಬ್ಯಾಡ ಅನ್ನೂ ಮಾತೆಲ್ಲಿಂದ ಬಂತಪಾ?"

ಕಲ್ಲವ್ವ ಕೂತ ಕಡೆಗೆ ಮಡಿವಾಳಯ್ಯ ಕಣ್ಣೆತ್ತಲಾರದೆ ಹೋದ. ತನ್ನ ಬಗ್ಗೆಯೇ ಅವನಿಗೆ ನಾಚಿಕೆಯಾಯಿತು.

ಕೈ ತೊಳೆದು ಬಂದವನೇ, ಅವಳನ್ನು ಮಠದಲ್ಲೇ ಇರಿಸಿಕೊಳ್ಳೋಣ ಎಂದ.

"ಆಕಿ ಯಾಕ ಮನಿ ಬಿಡಬೇಕು? ಆಕೀನ್ನ ಕೇಳಿದಿ ಏನು?"

ಕೇಳಿರಲಿಲ್ಲ. ಈಗ ಕೇಳಿದ. ತನ್ನ ಮನೆಯೇ ಬೇಕೆಂದಳು ಕಲ್ಲವ್ವ.

ಆಗ ಅಜ್ಜಾರು ತಿಳಿಸಿ ಹೇಳಿದರು. ತಾಲೂಕಿನಲ್ಲಿ ಹೆಣ್ಣುಮಕ್ಕಳಿಗೆಂದೇ ಸಂರಕ್ಷಣಾಧಿಕಾರಿ ಇದ್ದಾರೆ. ಅವರ ಮೂಲಕ ಅರ್ಜಿ ಹಾಕಿದರೆ, ಅವಳನ್ನು ಮುಟ್ಟಬೇಡ, ಮನೆಯಿಂದ ಹೊರಹಾಕಬೇಡ ಎಂದು ನ್ಯಾಯಾಲಯ ಗಂಡನಿಗೆ ಆದೇಶ ಕೊಡಬಹುದು. ಬೇಕಾದರೆ ಅವನನ್ನೇ ಆಚೆ ಇರಿಸಬಹುದು, ಪರಿಹಾರವನ್ನೂ ಕೊಡಿಸಬಹುದು. ಆದೇಶ ಮೀರಿದರೆ ಮಾತ್ರ ಜೈಲಿನ ಮಾತು. ನೀನು ಜೊತೆಗೆ ಹೋಗು, ಆದರೆ ಅಲ್ಲಿ ಮಾತು ಅವಳೇ ಆಡಲಿ ಎಂದು ಶಿಷ್ಯನಿಗೆ ಹೇಳಿದರು.

ಅಷ್ಟರಲ್ಲಿ ಗಂಡ ಬಾಗಿಲಿಗೆ ಬಂದ. ಕಲ್ಲವ್ವ ತಲೆಯೆತ್ತಿ, ಬರುವುದಿಲ್ಲ ಎಂದಳು. ಮಡಿವಾಳಯ್ಯ ಎದ್ದು ಅವಳ ಪಕ್ಕ ನಿಂತ. ಗಂಡ ಗೊಣಗುತ್ತ ತಿರುಗಿ ಹೋದ.

ಬಸ್ಸಿಗೆ ಹೊರಡುವಾಗಲೂ ಶಿಷ್ಯನಿಗೆ ಒಳಗೊಂದು ಅಳುಕು. ಹಿಂದೆ ಉಳಿದು ಕೇಳಿದ.

"ಅಜ್ಜಾರ, ಇದರಿಂದ ಒಂದು ಮನಿ ಒಡೀತದಲ್ರಿ?"

"ಆಕಿ ಹಾಸಿಗೀಗೆ ಅಂಜಿದ ದಿನಾನ ಒಡದೈತಿ, ಮಡಿವಾಳಯ್ಯಾ. ನಿನಗ ಸಪ್ಪಳ ಕೇಳಿಸಿಲ್ಲ, ಅಷ್ಟ."