ಚೆಲುವಯ್ಯನ್ನ ಕೇಳು

ನನ್ನ ಸೊಸೆ ಸುಗುಣ ಹಜಾರದಲ್ಲಿ ಅವರೆಕಾಳು ಹಿಸುಕ್ತಾ ಕೂತಿದ್ಲು. ನಾನು ಪಕ್ಕದಲ್ಲಿ ಕೂತು, ಬುಟ್ಟಿಗೆ ಕೈಹಾಕಿ, ಕಾಳು ಮುಟ್ಟಿ ಆಣೆ ಮಾಡಿದೆ.

"ಈ ಸಲ ಹೇಳೋದ್ರಲ್ಲಿ ಒಂದಕ್ಷರನೂ ಸುಳ್ಳಿಲ್ಲ ಕಣಮ್ಮ. ಇದ್ರೆ ಇವತ್ತು ನನಗೆ ಹಿಸುಕಿದ ಬೇಳೆ ಸಾರು ಬಡಿಸ್ಬೇಡ."

"ಹೋದ ಸಲ ಹೋಳಿಗೆ ಮೇಲೆ ಆಣೆ ಇಟ್ಟಿದ್ರಿ ಮಾವ. ಆಮೇಲೆ ಅದನ್ನೂ ತಿಂದ್ರಿ."

"ಹೋಳಿಗೆ ಬೇರೆ, ಅವರೆಕಾಳು ಬೇರೆ. ಕೇಳು."

ಕಪಿಲಾ ನದಿ ದಡದಲ್ಲಿ ನಮ್ಮ ಗುರುಗಳ ಆಶ್ರಮ. ಒಂದು ಜಗಲಿ, ಒಂದು ತಂಬೂರಿ, ಒಂದು ಹುಣಸೆಮರ. ಅಷ್ಟೇ.

ಗುರುಗಳು ಹಾಡಿದ್ರೆ ಮೊಸಳೆಗಳು ದಡಕ್ಕೆ ಬಂದು ಸಾಲಾಗಿ ಕೂತ್ಕೊಳ್ತಿದ್ವು. ಮರಿಗಳು ಮುಂದೆ, ದೊಡ್ಡವು ಹಿಂದೆ.

ಸುಗುಣ ನನ್ನ ಮುಖ ನೋಡಿದ್ಲು. ಕಾಳು ಹಿಸುಕೋದು ನಿಲ್ಲಿಸ್ಲಿಲ್ಲ.

ಗುರುಗಳ ಒಂದು ಸಂಗೀತ ಕಚೇರಿಯ ಹಳೇ ಕ್ಯಾಸೆಟ್ ಇತ್ತು. ಅದ್ರಲ್ಲಿ ಒಂದು ಕಡೆ ಅವರು ಮೇಲಿನ ಷಡ್ಜ, ಅಂದ್ರೆ ಎತ್ತರದ 'ಸ', ಹಿಡೀತಾರೆ. ಒಂದೇ ಉಸಿರು. ಅವರು ಆ ಉಸಿರು ಹಿಡಿದಾಗ ಹೊರಗೆ ಮೈಸೂರು ಬಸ್ಸು ಬಂತು, ಜನ ಇಳಿದ್ರು, ಜನ ಹತ್ತಿದ್ರು, ಕಂಡಕ್ಟರು ಯಾರ ಜೊತೆಗೋ ಜಗಳ ಆಡಿ ರಾಜಿನೂ ಆದ, ಬಸ್ಸು ಹೋಯ್ತು. ಉಸಿರು ಇನ್ನೂ ಮುಗಿದಿರ್ಲಿಲ್ಲ.

ಗುರುಗಳ ಶಿಷ್ಯ ನಂಜುಂಡನಿಗೆ ಆ ಉಸಿರಿನದ್ದೇ ಹುಚ್ಚು. ವಯಸ್ಸಾಗಿ ಗುರುಗಳು ಹಾಡೋದು ಬಿಟ್ಟಿದ್ರು. ಈ ಗುರುಪೂರ್ಣಿಮೆಗೆ ಅದೇ ಹಾಡು ನೀನು ಹಾಡು ಅಂತ ಅವನಿಗೆ ಹೇಳಿದ್ರು. ಅವನು ಆ ಉಸಿರು ಹಿಡಿಯೋಕೆ ಹೋಗಿ ಹೋಗಿ ಗಂಟಲು ಕೆಡಿಸ್ಕೊಂಡ. ಉಗುಳಿದ್ರೆ ರಕ್ತ ಬರೋದು.

"ಗುರುಗಳೇ, ಆ ಉಸಿರು ಹೇಗೆ ಹಿಡಿದ್ರಿ?"

"ಚೆಲುವಯ್ಯನ್ನ ಕೇಳು."

ಚೆಲುವಯ್ಯ ಅಂದ್ರೆ ಆ ಕಚೇರೀಲಿ ಗುರುಗಳ ಪಕ್ಕ ಕೂತು ಪಿಟೀಲು ನುಡಿಸಿದವನು. ಯಾರು ಕೇಳಿದ್ರೂ ಗುರುಗಳದ್ದು ಅದೇ ಉತ್ತರ. ದೊಡ್ಡವರ ವಿನಯ ಅಂದ್ಕೊಂಡು ಜನ ಕೈಮುಗಿದು ಹೋಗ್ತಿದ್ರು.

ನಂಜುಂಡ ಹೋಗಿ ಕೇಳೋಣ ಅಂದ್ರೆ ಚೆಲುವಯ್ಯ ಆಗ್ಲೇ ತೀರಿಹೋಗಿದ್ದ. ಪಾಪ. ಊರಿಗೆ ಊರೇ ಅತ್ತಿತ್ತು. ಮೊಸಳೆಗಳೂ ಅತ್ವು, ನಿಜವಾದ ಕಣ್ಣೀರು.

ಸುಗುಣಳ ಕೈ ನಿಂತ್ಹೋಯ್ತು. "ತೀರಿಹೋಗಿದ್ರಾ?"

"ಪಿಟೀಲು ಎದೆಗೆ ಅಪ್ಕೊಂಡೇ ಹೋದ. ಮಧ್ಯ ಬಾಯಿ ಹಾಕ್ಬೇಡ."

ಒಂದು ದಿನ ನಂಜುಂಡ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ.

"ಗುರುಗಳೇ, ಹಾಡು ಕೊಟ್ರೆ ಗಂಟಲು, ಪಿಟೀಲು, ಮೃದಂಗ ಎಲ್ಲಾ ಬಿಡಿಸಿ ಬೇರೆ ಬೇರೆ ಮಾಡಿಕೊಡೋ ಎಐ ಬಂದಿದೆ. ಮೂರು ಥರದ್ದಕ್ಕೆ ನಿಮ್ಮ ಕ್ಯಾಸೆಟ್ ಕೊಟ್ಟು ನೋಡಿದ್ದೀನಿ. ಶುರುವಿನ ಸ್ವಲ್ಪ ಮಾತ್ರ ಕೇಳ್ದೆ. ಆ ಉಸಿರಿನ ಜಾಗ ನಿಮ್ಮ ಮುಂದೆನೇ ಕೇಳೋಣ ಅಂತ ಬಿಟ್ಟಿದ್ದೀನಿ. ನಿಮ್ಮ ಗಂಟಲು ಒಂದೇ ಕೇಳಿದ್ರೆ ಗುಟ್ಟು ಸಿಗುತ್ತೆ."

"ಸಿಗದೇ ಹೋದ್ರೆ?"

"ಹಾಡೋದು ಬಿಟ್ಟುಬಿಡ್ತೀನಿ."

ಎಲೆಗೆ ಸುಣ್ಣ ಹಚ್ತಿದ್ದ ಗುರುಗಳ ಬೆರಳು ಅಲ್ಲೇ ನಿಂತ್ಕೊಳ್ತು.

"ಹಾಕು."

ನಾನು ಬಾಗಿಲ ಹತ್ರ ಕೂತಿದ್ದೆ. ಎಲ್ಲಾ ಕಣ್ಣಾರೆ ನೋಡಿದ್ದು.

ಮೊದಲನೇದು ಗಮಕದ ತುದಿ ಎಲ್ಲಾ ಚಿವುಟಿ ಹಾಕಿತ್ತು, ಹುರುಳಿಕಾಯಿ ತೊಟ್ಟು ಮುರಿದ ಹಾಗೆ. ಮೃದಂಗದ ಎಡಗಡೆ ಸದ್ದು ಒಂದು ಫೈಲಲ್ಲಿ, ಬಲಗಡೆ ಸದ್ದು ಇನ್ನೊಂದರಲ್ಲಿ.

"ಇದು ಸಿನಿಮಾ ಹಾಡು ಕೇಳಿ ಬೆಳೆದಿರೋದು ಗುರುಗಳೇ. ಎಡಗಡೆ ದಪ್ಪ ಸದ್ದನ್ನ ಗಿಟಾರು ಅಂದ್ಕೊಂಡಿದೆ."

"ಒಬ್ಬನೇ ಮನುಷ್ಯನ ಎರಡು ಕೈಗೆ ಎರಡು ಮನೆ ಮಾಡಿಕೊಟ್ಟಿದೆ. ಮುಂದಿನದು ಹಾಕು."

ಎರಡನೇದ್ರಲ್ಲಿ ಗುರುಗಳ ಗಂಟಲಿನ ಜೊತೆ ಪಿಟೀಲೂ ಬರ್ತಿತ್ತು. ಗಂಟಲು ಬಗ್ಗಿದ ಕಡೆ ಅದೂ ಬಗ್ಗೋದು, ಜಾರಿದ ಕಡೆ ಅದೂ ಜಾರೋದು.

ನಂಜುಂಡ ಅರ್ಧಕ್ಕೇ ನಿಲ್ಲಿಸ್ದ. "ಇದು ದಡ್ಡದು. ಯಾವುದು ನೀವು, ಯಾವುದು ಪಿಟೀಲು ಅಂತ ಇದಕ್ಕೆ ತಿಳೀಲೇ ಇಲ್ಲ. ಕಲಸಿಟ್ಟಿದೆ."

ಗುರುಗಳು ಸುಣ್ಣ ಹಚ್ಚಿದ ಎಲೆ ಮಡಿಸಿದ್ರು.

"ಮೂರನೇದೇ ಸರಿ ಗುರುಗಳೇ. ನೀವು ಎಂಜಲು ನುಂಗಿದ್ದೂ ಕೇಳುತ್ತೆ."

ನಿಜ. ತೊಳೆದಿಟ್ಟ ಹಾಗೆ ಗಂಟಲು ಒಂದೇ. ಹಾಡು ಏರ್ತು. ಷಡ್ಜ ಮುಟ್ತು.

ನಿಂತ್ಹೋಯ್ತು.

ಹುಣಸೆಮರದ ಮೇಲೆ ಕಾಗೆ ಕೂಗಿದ್ದು ಕೇಳಿಸ್ತು. ಆಮೇಲೆ ಲ್ಯಾಪ್‌ಟಾಪಿಂದ ಒಂದು ಏದುಸಿರು. ಮತ್ತೆ ಹಾಡು ಶುರುವಾಯ್ತು.

"ಇದೂ ತಪ್ಪು ಮಾಡಿದೆ," ಅಂದ ನಂಜುಂಡ. "ನಿಮ್ಮ ಷಡ್ಜ ನುಂಗಿಹಾಕಿದೆ."

"ಇದರದ್ದೇ ಪಿಟೀಲಿನ ಫೈಲು ಹಾಕು."

ಹಾಕಿದ. ಅದೇ ಜಾಗ ಬಂತು. ಅಲ್ಲಿತ್ತು ಷಡ್ಜ. ಗುರುಗಳದ್ದೇ ನಡುಕ, ಗುರುಗಳದ್ದೇ ಒನಪು. ಕೂದಲೆಳೆಯಷ್ಟೂ ಅಲ್ಲಾಡದೆ ಹಾಗೇ ನಿಂತಿತ್ತು, ಗಂಟಲು ವಾಪಸ್ಸು ಬರೋವರೆಗೂ.

ನಂಜುಂಡ ತನ್ನ ಕುತ್ತಿಗೆ ಮುಟ್ಟಿ ನೋಡ್ಕೊಂಡ.

"ಮತ್ತೆ ನಿಮ್ಮ ಉಸಿರು?"

"ನಿಂತ್ಹೋಗಿತ್ತು ಕಣೋ. ಆವತ್ತು ಎದೆ ಹಿಡ್ಕೊಳ್ತು, ಕಣ್ಣು ಕತ್ತಲೆ ಬಂತು. ಬಾಯಿ ಮಾತ್ರ ತೆರೆದೇ ಇತ್ತು. ನಾನು ಕೈಬಿಟ್ಟಿದ್ದನ್ನ ಅವನು ಕೆಳಕ್ಕೆ ಬೀಳದ ಹಾಗೆ ಹಿಡ್ಕೊಂಡ. ಚಪ್ಪಾಳೆ ಬಂದಾಗ ತಲೆ ಬಗ್ಗಿಸಿ ತಂತಿ ಬಿಗಿ ಮಾಡ್ತಾ ಕೂತ. ಮಾರನೇ ದಿನದಿಂದ ನಾನು ಅವನ ಹೆಸರು ಹೇಳಿನೇ ಬೆಳಗಿನ ಷಡ್ಜ ಹಿಡಿದಿದ್ದು."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದಾಗೆಲ್ಲಾ ಹೇಳ್ದೆ. ಇನ್ನೇನು ಹೇಳಿದ್ದೆ ನಾನು?"

ನಂಜುಂಡ ಮುಖ ಮುಚ್ಕೊಂಡ. ಅಳ್ತಿದ್ನೋ, ನಗ್ತಿದ್ನೋ. ಎಷ್ಟೋ ತಿಂಗಳಾದ್ಮೇಲೆ ಅವನ ಹೆಗಲು ಇಳೀತು.

"ಇವುಗಳಲ್ಲಿ ಯಾವುದನ್ನ ಇಟ್ಕೊಳ್ಳಲಿ ಗುರುಗಳೇ?"

"ಆ ದಡ್ಡದ್ದು ಹಾಕು."

ಗಂಟಲು ಪಿಟೀಲು ಕಲಸಿಟ್ಟಿದ್ದನ್ನ ಗುರುಗಳು ಕಣ್ಣುಮುಚ್ಚಿ ಕೊನೇವರೆಗೂ ಕೇಳಿದ್ರು. ಷಡ್ಜ ಎಲ್ಲೂ ಕಡೀಲಿಲ್ಲ.

"ಇದೇ ಕಣೋ ನನ್ನ ಗಂಟಲು," ಅಂದ್ರು.

ಆಮೇಲೆ ಬಾಗಿಲ ಕಡೆ ತಿರುಗಿ ಕೈ ಮುಗಿದ್ರು. ಸುಮ್ಮನೆ ಅಲ್ಲ, ತಲೆ ಬಗ್ಗಿಸಿ.

"ಪೂರ್ಣಿಮೆಗೆ ಹಾಡ್ಲಾ ಗುರುಗಳೇ?"

"ಹಾಡು."

"ಉಸಿರು ಮುಗಿದುಹೋದ್ರೆ?"

"ನಿಲ್ಸು. ಪಕ್ಕದಲ್ಲಿ ಒಬ್ರು ಕೂತಿರ್ತಾರಲ್ಲ."

ಇಷ್ಟು ಹೇಳಿ ನಾನು ಬೇಳೆ ಎಷ್ಟಾಯ್ತು ಅಂತ ಬುಟ್ಟಿ ಇಣುಕಿ ನೋಡ್ದೆ. ಸುಗುಣ ಬುಟ್ಟಿ ತನ್ನ ಕಡೆ ಎಳ್ಕೊಂಡ್ಲು.

"ಗುರುಗಳು ಬಾಗಿಲ ಕಡೆ ಯಾರಿಗೆ ಕೈಮುಗಿದ್ರು ಮಾವ?"

"ಯಾರಿಗೂ ಇಲ್ಲ. ತೀರಿಹೋದ ಚೆಲುವಯ್ಯನ್ನ ನೆನೆಸ್ಕೊಂಡು."

"ಬಾಗಿಲ ಹತ್ರ ಕೂತಿದ್ದು ನೀವು."

"ಅದು ಸತ್ಯ."

"ಚೆಲುವಯ್ಯನವರು ತೀರಿಹೋಗಿದ್ದೂ ಸತ್ಯ?"

"ಅವರೆಕಾಳಿನ ಆಣೆ."

ಅವಳು ಬುಟ್ಟಿ ಸೊಂಟಕ್ಕೆ ಇಟ್ಕೊಂಡು ಎದ್ದು ನಿಂತ್ಲು.

"ಹಾಗಾದ್ರೆ ದಿನಾ ಬೆಳಿಗ್ಗೆ ಸಕ್ಕರೆ ಸಾಲ್ದು ಅಂತ ಜಗಳ ಆಡಿ ನನ್ನ ಕೈಲಿ ಕಾಫಿ ಇಸ್ಕೊಳ್ಳೋ ಪಿಟೀಲು ಚೆಲುವಯ್ಯ ಯಾರು, ಮಾವ?"